ಕೆಂಪು ಗುಂಡಿಗೆ ನಿಲ್ಲದ ಪಂಪು: ಜೀರ್ಣಾಂಗದ ಕ್ಯಾನ್ಸರ್ ಮತ್ತು ಸಂಕೇತ ಪ್ರೋಟೀನುಗಳು

ದೊಡ್ಡಕರುಳಿನ ಕ್ಯಾನ್ಸರ್ ಇರುವ ಭಾವನ ರಿಪೋರ್ಟಿನ ಎರಡನೆಯ ಪುಟದಲ್ಲಿ ಒಂದು ಸಾಲಿತ್ತು: ಕೆ-ರಾಸ್, ಜಿ12ಡಿ, ಪತ್ತೆಯಾಗಿದೆ. ಪುತ್ತೂರಿನ ಆಚೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು ಮಂಗಳೂರಿಗೆ ಬಂದಿದ್ದ ಅವರು, ಆಸ್ಪತ್ರೆಯ ಕ್ಯಾನ್ಸರ್ ವಿಭಾಗದ ಹೊರಗಿನ ಬೆಂಚಿನ ಮೇಲೆ ಕುಳಿತು ಆ ಕಾಗದವನ್ನು ನನ್ನ ಕೈಗಿತ್ತರು. "ಪತ್ತೆಯಾಗಿದೆ ಎಂದರೆ ಒಳ್ಳೆಯದೋ ಕೆಟ್ಟದೋ, ಅಷ್ಟು ಹೇಳು" ಎಂದರು. ಅಕ್ಕ ಪಕ್ಕದಲ್ಲೇ ಇದ್ದಳು. ಇಪ್ಪತ್ತೈದು ವರ್ಷ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸಿದ ನನಗೆ ಆ ಅಕ್ಷರಗಳ ಅರ್ಥ ತಿಳಿದಿತ್ತು. ಅದನ್ನು ಒಂದು ಮಾತಿನಲ್ಲಿ ಹೇಳುವುದು ಮಾತ್ರ ಆಗಲಿಲ್ಲ.

ಅತ್ತಾವರ, ಕಂಕನಾಡಿ, ದೇರಳಕಟ್ಟೆ, ಮಣಿಪಾಲ: ಕರಾವಳಿಯ ಈ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ, ಉತ್ತರ ಕನ್ನಡದಿಂದ, ಘಟ್ಟದ ಮೇಲಿನ ಚಿಕ್ಕಮಗಳೂರು ಕೊಡಗುಗಳಿಂದ ಜನ ಬರುತ್ತಾರೆ. ಹಿಂದೆಲ್ಲ ಅವರ ಪ್ಲಾಸ್ಟಿಕ್ ಕವರಿನೊಳಗಿನ ರಿಪೋರ್ಟಿನಲ್ಲಿ ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು, ಯಾವ ಸ್ಟೇಜ್ ಎಂಬಷ್ಟೇ ಇರುತ್ತಿತ್ತು. ಈಗ ಕೆ-ರಾಸ್, ಎನ್-ರಾಸ್, ಬಿ-ರಾಫ್, ಹರ್-2 ಎಂಬ ಪ್ರೋಟೀನುಗಳ ಹೆಸರುಗಳೂ ಇರುತ್ತವೆ. ಯಾವ ಔಷಧ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬ ತೀರ್ಮಾನ ಈ ನಾಲ್ಕೈದು ಅಕ್ಷರಗಳಲ್ಲಿದೆ. ಮನೆಯ ಚಿನ್ನ ಅಡವಿಡಬೇಕೇ, ತೋಟದ ಮೇಲೆ ಸಾಲ ಎತ್ತಬೇಕೇ ಎಂಬುದೂ ಇಲ್ಲೇ ನಿರ್ಧಾರವಾಗುತ್ತದೆ. ಆದ್ದರಿಂದ ಅವು ವೈದ್ಯರಿಗಷ್ಟೇ ತಿಳಿದರೆ ಸಾಲದು, ರೋಗಿಯ ಮನೆಯವರಿಗೂ ತಿಳಿಯಬೇಕು. ಈ ಲೇಖನ ಬರೆಯಲು ಕಾರಣ ಅದೇ.

ಜೀರ್ಣಾಂಗದ ಒಳಪದರದಷ್ಟು ಸವೆಯುವ ಜಾಗ ಮೈಯಲ್ಲಿ ಕಡಿಮೆ. ಕರುಳಿನ ಒಳಮೈಯ ಜೀವಕೋಶಗಳು ನಾಲ್ಕೈದು ದಿನಗಳಲ್ಲಿ ಉದುರಿ ಹೋಗುತ್ತವೆ, ಅವುಗಳ ಜಾಗಕ್ಕೆ ಹೊಸವು ಬರುತ್ತವೆ. ಈ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿವೆ. ಗುಳಿಯ ತಳದಲ್ಲಿರುವ ಮೂಲಕೋಶಗಳು ಸದಾ ಒಡೆದು ಎರಡಾಗುತ್ತಿರುತ್ತವೆ. ಹೊಸ ಕೋಶಗಳು ಮೇಲೇರುತ್ತ ಒಡೆಯುವುದನ್ನು ನಿಲ್ಲಿಸಿ, ನೀರು ಹೀರುವುದೋ ಲೋಳೆ ಸ್ರವಿಸುವುದೋ ತಮ್ಮ ಪಾಲಿನ ಕೆಲಸಕ್ಕೆ ತೊಡಗಿ, ಗುಳಿಯ ಬಾಯಿಗೆ ಬಂದು ಉದುರುತ್ತವೆ. ಎಲ್ಲಿಯವರೆಗೆ ಒಡೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಪ್ರತಿ ಕೋಶಕ್ಕೂ ಹೇಳಿಕೆ ತಲುಪಬೇಕು. ಆ ಹೇಳಿಕೆಯನ್ನು ಹೊರಗಿನಿಂದ ಒಳಗೆ, ಒಳಗಿನಿಂದ ವಂಶವಾಹಿಗಳವರೆಗೆ ಮುಟ್ಟಿಸುವವೇ ಸಂಕೇತ ಪ್ರೋಟೀನುಗಳು.

ಇಂಥ ಹೇಳಿಕೆಯೊಂದು ಮೊದಲು ಕಣ್ಣಿಗೆ ಬಿದ್ದ ಬಗೆ ಸೊಗಸಾಗಿದೆ. ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವು ದಿನ ತುಂಬುವ ಮೊದಲೇ ಕಣ್ಣು ತೆರೆದವು, ಹಲ್ಲೂ ಬೇಗ ಮೂಡಿತು. ಚರ್ಮದ ಕೋಶಗಳಿಗೆ ಬೆಳೆಯಲು ಹೇಳುವ ವಸ್ತುವೊಂದು ಆ ಸಾರದಲ್ಲಿತ್ತು. ಪ್ರೋಟೀನುಗಳನ್ನು ಕಟ್ಟುವ ಮಣಿಗಳಾದ ಅಮೈನೋ ಆಮ್ಲಗಳು ಕೇವಲ 53 ಇರುವ ಆ ಪುಟ್ಟ ಪ್ರೋಟೀನಿಗೆ ಇಜಿಎಫ್ ಎಂದು ಹೆಸರಾಯಿತು. ಕೋಶದ ಹೊರಮೈಯಲ್ಲಿ ಕೈಚಾಚಿ ನಿಂತು ಅದನ್ನು ಹಿಡಿಯುವ ಗ್ರಾಹಕ ಇಜಿಎಫ್‌ಆರ್. ಕೋಹೆನ್ ಅವರಿಗೆ 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಅವರೊಡನೆ ನೊಬೆಲ್ ಬಂತು.

ಬೆಂಚಿನ ಮೇಲೆ ಕುಳಿತು ಭಾವನಿಗೆ ನಾನು ಹೇಳಿದ್ದು ಅವರ ಕೆರೆಯ ಬದಿಯ ಪಂಪ್‌ಸೆಟ್ಟಿನ ಕಥೆ. ಪಂಪ್‌ಶೆಡ್ಡಿನ ಗೋಡೆಯಲ್ಲಿ ಸ್ಟಾರ್ಟರ್ ಇದೆ. ಹಸಿರು ಗುಂಡಿ ಒತ್ತಿದರೆ ಒಳಗಿನ ಎರಡು ಪಾಯಿಂಟುಗಳು ಕೂಡಿಕೊಂಡು ಮೋಟರಿಗೆ ಕರೆಂಟು ಹರಿಯುತ್ತದೆ. ಕೆಂಪು ಗುಂಡಿ ಒತ್ತಿದರೆ ಸ್ಪ್ರಿಂಗ್ ಅವುಗಳನ್ನು ದೂರ ತಳ್ಳಿ ಪಂಪು ನಿಲ್ಲುತ್ತದೆ. ಹಸಿರು ಗುಂಡಿ ಇದ್ದಲ್ಲಿ ಇಜಿಎಫ್‌ಆರ್ ಇದೆ ಎಂದುಕೊಳ್ಳಿ. ಒಳಗೆ ಕೂಡಿ ಬಿಡುವ ಪಾಯಿಂಟು ರಾಸ್ ಎಂಬ ಪ್ರೋಟೀನು, ಕೆ-ರಾಸ್ ಮತ್ತು ಎನ್-ರಾಸ್ ಅದರ ಬಗೆಗಳು. ಮೋಟರು ತಿರುಗಿ ನೀರು ಬರುವುದೆಂದರೆ ಜೀವಕೋಶ ಒಡೆದು ಎರಡಾಗುವುದು. ರಾಸ್ ತನ್ನೊಳಗೆ ಜಿಟಿಪಿ ಎಂಬ ಸಣ್ಣ ಅಣುವನ್ನು ಹಿಡಿದಿರುವಾಗ ಸಂಕೇತ ಹರಿಯುತ್ತದೆ. ಆ ಜಿಟಿಪಿಯಿಂದ ಒಂದು ಫಾಸ್ಫೇಟನ್ನು ಕತ್ತರಿಸಿ ಹಾಕಿದೊಡನೆ ನಿಲ್ಲುತ್ತದೆ. ಕತ್ತರಿಸುವ ಆ ಕೆಲಸಕ್ಕೆ ಇನ್ನೊಂದು ಪ್ರೋಟೀನು ಬಂದು ಬೆರಳು ತೂರಿಸಿ ನೆರವಾಗುತ್ತದೆ.

ಬೆರಳು ತೂರುವ ಸಂದಿನಲ್ಲೇ ರಾಸ್‌ನ ಹನ್ನೆರಡನೆಯ ಅಮೈನೋ ಆಮ್ಲ ಇರುವುದು. ಸಹಜವಾಗಿ ಅಲ್ಲಿರುವುದು ಗ್ಲೈಸಿನ್, ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಅತಿ ಚಿಕ್ಕದು. ಅದರ ಜಾಗಕ್ಕೆ ಬೇರೆ ಹೆಚ್ಚುಕಡಿಮೆ ಯಾವುದು ಬಂದರೂ ಸಂದು ತುಂಬಿ ಹೋಗಿ ಬೆರಳಿಗೆ ಎಡೆಯಿರುವುದಿಲ್ಲ. ಜಿಟಿಪಿ ಕತ್ತರಿಸಲಾಗದೆ ಉಳಿಯುತ್ತದೆ, ಸಂಕೇತ ಹರಿಯುತ್ತಲೇ ಇರುತ್ತದೆ. ಮನುಷ್ಯನ ಮೂತ್ರಕೋಶದ ಕ್ಯಾನ್ಸರ್ ಕೋಶವೊಂದರಲ್ಲಿ ಇಡೀ ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾಗಿ ಗ್ಲೈಸಿನ್ ಜಾಗಕ್ಕೆ ವ್ಯಾಲೀನ್ ಬಂದಿರುವುದನ್ನು 1982ರಲ್ಲಿ ಕಂಡುಹಿಡಿದರು. ಭಾವನ ರಿಪೋರ್ಟಿನ ಜಿ12ಡಿಯ ಅರ್ಥವೂ ಇಷ್ಟೇ: ಹನ್ನೆರಡನೆಯ ಮನೆಯಲ್ಲಿ ಗ್ಲೈಸಿನ್ ಹೋಗಿ ಆಸ್ಪಾರ್ಟಿಕ್ ಆಮ್ಲ ಕುಳಿತಿದೆ.

"ಪಾಯಿಂಟ್ ಅಂಟಿಕೊಂಡಿದೆ" ಎಂದರು ಭಾವ. ವೋಲ್ಟೇಜು ಏರಿಳಿದು ಪಾಯಿಂಟು ಸುಟ್ಟು ಒಂದಕ್ಕೊಂದು ಬೆಸೆದುಕೊಂಡರೆ ಕೆಂಪು ಗುಂಡಿಯನ್ನು ಎಷ್ಟು ಒತ್ತಿದರೂ ಪಂಪು ನಿಲ್ಲುವುದಿಲ್ಲ, ಮೇನ್ ಸ್ವಿಚ್ಚಿಗೇ ಓಡಬೇಕು ಎಂಬುದು ಅವರಿಗೆ ನಾನು ಹೇಳಬೇಕಾದ ವಿಷಯವಾಗಿರಲಿಲ್ಲ. ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ನೂರಕ್ಕೆ ನಲವತ್ತರಲ್ಲಿ ಕೆ-ರಾಸ್ ಹೀಗೆ ಅಂಟಿಕೊಂಡಿರುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ಸುಮಾರು ತೊಂಬತ್ತರಲ್ಲಿ.

ಇನ್ನು ಔಷಧದ ಮಾತು. ಸೆಟುಕ್ಸಿಮ್ಯಾಬ್ ಎಂಬುದು ಇಜಿಎಫ್‌ಆರ್ ಮೇಲೆ ಹೋಗಿ ಕೂರುವ ಪ್ರತಿಕಾಯ, ಅಂದರೆ ಹಸಿರು ಗುಂಡಿಯ ಮೇಲೆ ಹಾಕುವ ಮುಚ್ಚಳ. ಹರಡಿದ ದೊಡ್ಡಕರುಳಿನ ಕ್ಯಾನ್ಸರಿಗೆ ಅಮೆರಿಕದಲ್ಲಿ 2004ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಆಗ ರಾಸ್ ನೋಡದೆ ಕೊಡುತ್ತಿದ್ದರು. ಕೆಲವರಲ್ಲಿ ಗಡ್ಡೆ ಕುಗ್ಗುತ್ತಿತ್ತು, ಹಲವರಲ್ಲಿ ಏನೂ ಆಗುತ್ತಿರಲಿಲ್ಲ. ಯಾಕೆಂದು 2008ರ ಹೊತ್ತಿಗೆ ಸ್ಪಷ್ಟವಾಯಿತು: ಕೆ-ರಾಸ್ ಕೆಟ್ಟಿರುವ ಗಡ್ಡೆಗಳಲ್ಲಿ ಈ ಔಷಧದಿಂದ ಪ್ರಯೋಜನವಿಲ್ಲ. ಒಳಗೆ ಪಾಯಿಂಟು ಅಂಟಿಕೊಂಡ ಮೇಲೆ ಹೊರಗಿನ ಗುಂಡಿಗೆ ಮುಚ್ಚಳ ಹಾಕಿ ಏನು ಬಂತು? ಮರುವರ್ಷ ಔಷಧದ ಬಳಕೆಯ ಸೂಚನೆಯಲ್ಲೇ ಈ ಎಚ್ಚರಿಕೆ ಸೇರಿತು. ಈಗ ಎನ್-ರಾಸ್ ಅನ್ನೂ ನೋಡುತ್ತಾರೆ. ಗಡ್ಡೆ ದೊಡ್ಡಕರುಳಿನ ಎಡಭಾಗದಲ್ಲಿದೆಯೋ ಬಲಭಾಗದಲ್ಲೋ ಎಂಬುದನ್ನೂ ಗಮನಿಸುತ್ತಾರೆ, ಎಡಭಾಗದವುಗಳಲ್ಲಿ ಇದರ ಫಲ ಹೆಚ್ಚು.

ಇಲ್ಲಿ ನನ್ನ ಮನಸ್ಸಿನ ನೋವನ್ನೂ ಹೇಳಬೇಕು. ಮಂಗಳೂರಿಗೆ ಬರುವ ಮೊದಲು ಭಾವ ಬೇರೊಂದು ಕಡೆ ತೋರಿಸಿದ್ದರು. ಅಲ್ಲಿ ರಾಸ್ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಈ ಔಷಧವನ್ನು ಶುರುಮಾಡುವ ಮಾತಾಗಿ, ಅಕ್ಕ ಸಹಕಾರಿ ಸಂಘದಲ್ಲಿ ಸಾಲದ ಅರ್ಜಿಯನ್ನೂ ತುಂಬಿದ್ದಳು. ಲಕ್ಷದ ಲೆಕ್ಕದಲ್ಲಿ ಹಣ ಬೇಡುವ, ಭಾವನ ಗಡ್ಡೆಯ ಮೇಲೆ ಕೆಲಸವನ್ನೇ ಮಾಡದ ಔಷಧಕ್ಕೆ ಆ ಸಾಲ. ಹಣ ಹೋಗುವುದಷ್ಟೇ ಇದರಲ್ಲಿನ ಕಷ್ಟವಲ್ಲ. ಸೆಟುಕ್ಸಿಮ್ಯಾಬ್ ತೆಗೆದುಕೊಂಡವರ ಮುಖ, ಎದೆ, ಬೆನ್ನಿನ ಮೇಲೆ ಮೊಡವೆಯಂಥ ಗುಳ್ಳೆಗಳು ಏಳುತ್ತವೆ. ಚರ್ಮಕ್ಕೂ ಇಜಿಎಫ್‌ಆರ್ ಬೇಕು, ಕೋಹೆನ್ ಅವರ ಇಲಿಮರಿಗಳ ಕಣ್ಣು ತೆರೆಸಿದ್ದು ಅದೇ ಅಲ್ಲವೇ? ಮುಚ್ಚಳ ಹಾಕಿದಾಗ ಚರ್ಮವೂ ಬಳಲುತ್ತದೆ. ಫಲವಿರುವವರು ಆ ಗುಳ್ಳೆಗಳನ್ನು ಸಹಿಸಿಕೊಳ್ಳಬಹುದು. ಫಲವೇ ಇಲ್ಲದವರಿಗೆ ಆ ಹಿಂಸೆ ಕೊಡುವುದು ಅನ್ಯಾಯ.

ರಾಸ್ ಕೆಳಗೆ ಸಾಲಾಗಿ ಇನ್ನೂ ಮೂರು ನಾಲ್ಕು ಪ್ರೋಟೀನುಗಳಿವೆ. ಒಂದು ಇನ್ನೊಂದಕ್ಕೆ ಫಾಸ್ಫೇಟ್ ಅಂಟಿಸಿ ಎಬ್ಬಿಸುತ್ತ ಹೋಗುತ್ತದೆ. ಅವುಗಳಲ್ಲಿ ಮೊದಲನೆಯದು ಬಿ-ರಾಫ್. ಚರ್ಮದ ಮೆಲನೋಮ ಕ್ಯಾನ್ಸರ್‌ನಲ್ಲಿ ಕೆಟ್ಟ ಬಿ-ರಾಫನ್ನು ತಡೆಯುವ ಮಾತ್ರೆ ಅದ್ಭುತವಾಗಿ ಕೆಲಸ ಮಾಡಿತು. ಅದೇ ದೋಷವಿರುವ ದೊಡ್ಡಕರುಳಿನ ಕ್ಯಾನ್ಸರ್‌ಗೆ ಅದೇ ಮಾತ್ರೆ ಕೊಟ್ಟರೆ ಹೆಚ್ಚೇನೂ ಆಗಲಿಲ್ಲ. ಇದಕ್ಕೆ ಉತ್ತರ 2012ರಲ್ಲಿ ಸಿಕ್ಕಿತು. ಭಾವನ ಮನೆಯ ಮೇಲಿನ ಟ್ಯಾಂಕಿನಲ್ಲಿ ಫ್ಲೋಟ್ ಇದೆ. ನೀರು ತುಂಬಿದಾಗ ಅದು ಪಂಪನ್ನು ನಿಲ್ಲಿಸುತ್ತದೆ, ನೀರು ಇಳಿದರೆ ತಾನಾಗಿಯೇ ಚಾಲು ಮಾಡುತ್ತದೆ. ಜೀವಕೋಶದಲ್ಲೂ ಹಾಗೆಯೇ. ಕೆಳಗೆ ಸಂಕೇತ ಜೋರಾಗಿ ಹರಿಯುತ್ತಿದ್ದರೆ ಅದೇ ಮೇಲಿನ ಇಜಿಎಫ್‌ಆರ್ ಅನ್ನು ಅದುಮಿ ಇಟ್ಟಿರುತ್ತದೆ. ಬಿ-ರಾಫನ್ನು ತಡೆದಾಗ ಸಂಕೇತ ಇಳಿಯುತ್ತದೆ, ಟ್ಯಾಂಕು ಬರಿದಾಯಿತೆಂದು ಕೋಶ ಇಜಿಎಫ್‌ಆರ್ ಅನ್ನು ಮತ್ತೆ ಎಬ್ಬಿಸುತ್ತದೆ. ಕರುಳಿನ ಕೋಶದಲ್ಲಿ ಇಜಿಎಫ್‌ಆರ್ ಧಾರಾಳ, ಮೆಲನೋಮದಲ್ಲಿ ಕಡಿಮೆ. ಒಂದೇ ದೋಷ, ಒಂದೇ ಮಾತ್ರೆ, ಅಂಗ ಬೇರೆಯಾದ್ದರಿಂದ ಫಲ ಬೇರೆ. ಎರಡನ್ನೂ ಒಟ್ಟಿಗೆ ತಡೆಯುವ ಎನ್ಕೊರಾಫೆನಿಬ್ ಮತ್ತು ಸೆಟುಕ್ಸಿಮ್ಯಾಬ್ ಜೋಡಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ರೋಗದ ಹೆಸರು ನೋಡಿ ಔಷಧ ಕೊಡುವ ಕಾಲ ಮುಗಿದಿದೆ ಎನ್ನುವವರು ಈ ಉದಾಹರಣೆಯನ್ನು ನೆನಪಿಡಬೇಕು. ಪ್ರೋಟೀನಿನ ಹೆಸರೊಂದೇ ನೋಡಿದರೂ ಸಾಲದು, ಅದು ಯಾವ ಅಂಗದಲ್ಲಿದೆ ಎಂದೂ ಕೇಳಬೇಕು.

ಹಾಗಾದರೆ ಅಂಟಿಕೊಂಡ ರಾಸ್‌ಗೇ ಔಷಧ ಇಲ್ಲವೇ ಎಂದು ಅಕ್ಕ ಕೇಳಿದಳು. ಮೂವತ್ತು ವರ್ಷ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ ಅದು. ರಾಸ್ ಹೆಚ್ಚುಕಡಿಮೆ ನುಣುಪಾದ ಉಂಡೆ, ಔಷಧದ ಅಣು ಹಿಡಿದುಕೊಳ್ಳಲು ಅದರ ಮೈಯಲ್ಲಿ ಸರಿಯಾದ ಗುಳಿಯಿಲ್ಲ. ಜಿಟಿಪಿಯನ್ನಂತೂ ಅದು ಬಿಡಿಸಲಾಗದಷ್ಟು ಗಟ್ಟಿಯಾಗಿ ಹಿಡಿದಿರುತ್ತದೆ. 2013ರಲ್ಲಿ ಕೆವನ್ ಶೋಕಾಟ್ ಅವರ ತಂಡ ಹನ್ನೆರಡನೆಯ ಮನೆಯಲ್ಲಿ ಸಿಸ್ಟೀನ್ ಕುಳಿತ ಜಿ12ಸಿ ಎಂಬ ಬಗೆಯಲ್ಲಿ ಔಷಧ ಹಿಡಿದುಕೊಳ್ಳಬಹುದಾದ ಒಂದು ಸಣ್ಣ ಗುಳಿಯನ್ನು ತೋರಿಸಿತು. ಅದರ ದಾರಿ ಹಿಡಿದು ಬಂದ ಸೋಟೊರಾಸಿಬ್‌ಗೆ 2021ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗಾಗಿ ಒಪ್ಪಿಗೆ ಸಿಕ್ಕಿತು. ನಂತರ ಈ ಬಗೆಯ ಮಾತ್ರೆಗಳು ದೊಡ್ಡಕರುಳಿನ ಕ್ಯಾನ್ಸರ್‌ಗೂ ಬಂದವು, ಅದೂ ಇಜಿಎಫ್‌ಆರ್ ಮುಚ್ಚಳದ ಜೊತೆಗೆ, ಫ್ಲೋಟ್‌ನ ಪಾಠ ಕಲಿತಿದ್ದರಿಂದ. ಆದರೆ ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಜಿ12ಸಿ ಇರುವುದು ನೂರಕ್ಕೆ ಮೂರು ನಾಲ್ಕು ಮಂದಿಗೆ. ಭಾವನದು ಜಿ12ಡಿ. ಅದರ ಮೇಲೆ ಕೆಲಸ ಮಾಡುವ ಅಣುಗಳನ್ನು ರೋಗಿಗಳ ಮೇಲೆ ಪ್ರಯೋಗಿಸಿ ನೋಡುತ್ತಿದ್ದಾರೆ. ಅಕ್ಕನಿಗೆ ಇದನ್ನು ಹೇಳುವಾಗ ನನಗೆ ಸುಲಭವಾಗಲಿಲ್ಲ.

ಇದುವರೆಗೆ ಹೇಳಿದ್ದು ದೊಡ್ಡಕರುಳಿನ ಒಂದು ದಾರಿ ಮಾತ್ರ. ಅದಕ್ಕೂ ಮೊದಲು ಕೆಡುವುದು ಸಾಮಾನ್ಯವಾಗಿ ಇನ್ನೊಂದು ದಾರಿ. ಗುಳಿಯ ತಳದಲ್ಲಿ ಮೂಲಕೋಶಗಳಿಗೆ ಒಡೆಯಲು ಹೇಳುವ ಸಂಕೇತದ ಹೆಸರು ವಿಂಟ್. ಅದು ಬೀಟಾ-ಕ್ಯಾಟನಿನ್ ಎಂಬ ಪ್ರೋಟೀನನ್ನು ಕೋಶದ ಕೇಂದ್ರಕ್ಕೆ ಕಳುಹಿಸುತ್ತದೆ. ವಿಂಟ್ ಇಲ್ಲದ ಕಡೆ ಎಪಿಸಿ ಎಂಬ ದೊಡ್ಡ ಪ್ರೋಟೀನು ಬೀಟಾ-ಕ್ಯಾಟನಿನ್ನನ್ನು ಹಿಡಿದು ನಾಶಕ್ಕೆ ಒಪ್ಪಿಸುತ್ತಿರುತ್ತದೆ. ಎಪಿಸಿ ಮುರಿದರೆ ಹಿಡಿಯುವವರಿಲ್ಲ. ಗುಳಿಯ ಮೇಲಕ್ಕೆ ಬಂದು ಉದುರಬೇಕಾಗಿದ್ದ ಕೋಶ ತಾನಿನ್ನೂ ತಳದಲ್ಲೇ ಇದ್ದೇನೆಂದು ಒಡೆಯುತ್ತಲೇ ಇರುತ್ತದೆ. ಅಲ್ಲೊಂದು ಸಣ್ಣ ಗಂಟು ಏಳುತ್ತದೆ, ಅದೇ ಪಾಲಿಪ್. ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಎಂಬತ್ತರಷ್ಟರಲ್ಲಿ ಎಪಿಸಿ ಕೆಟ್ಟಿರುತ್ತದೆ. ಎಪಿಸಿ, ಆಮೇಲೆ ಕೆ-ರಾಸ್, ಆಮೇಲೆ ಪಿ53 ಎಂಬ ಕಾವಲು ಪ್ರೋಟೀನು ಎಂದು ಮೆಟ್ಟಿಲು ಮೆಟ್ಟಿಲಾಗಿ ಪಾಲಿಪ್ ಕ್ಯಾನ್ಸರ್ ಆಗುವ ಚಿತ್ರವನ್ನು ಫಿಯರಾನ್ ಮತ್ತು ವೋಗೆಲ್‌ಸ್ಟೈನ್ 1990ರಲ್ಲಿ ಬಿಡಿಸಿ ತೋರಿಸಿದರು. ಈ ಮೆಟ್ಟಿಲುಗಳನ್ನು ಹತ್ತಲು ಸಾಮಾನ್ಯವಾಗಿ ಹತ್ತು ವರ್ಷ ಬೇಕು. ಅಂದರೆ ಪಾಲಿಪ್ ಆಗಿರುವಾಗಲೇ ಕೊಲೊನೋಸ್ಕೋಪಿಯಲ್ಲಿ, ಎಂದರೆ ದೊಡ್ಡಕರುಳಿನೊಳಗೆ ಕ್ಯಾಮರಾ ಕೊಳವೆ ಹಾಯಿಸಿ ನೋಡುವ ಪರೀಕ್ಷೆಯಲ್ಲಿ, ಕಂಡು ತೆಗೆದುಹಾಕಲು ನಮಗೆ ಹತ್ತು ವರ್ಷಗಳ ಅವಕಾಶವಿದೆ. ಜಗತ್ತಿನಲ್ಲಿ 2022ರ ಒಂದೇ ವರ್ಷ ಈ ಕ್ಯಾನ್ಸರ್ ಸುಮಾರು 19 ಲಕ್ಷ ಜನರಿಗೆ ಹೊಸದಾಗಿ ಬಂತು, ಸುಮಾರು 9 ಲಕ್ಷ ಜನ ತೀರಿಕೊಂಡರು.

ಜಠರದ ಕ್ಯಾನ್ಸರ್‌ನಲ್ಲಿ ಸಂಕೇತವನ್ನು ಕೆಡಿಸುವುದು ಹಲವು ಬಾರಿ ಹೊರಗಿನಿಂದ ಬಂದ ಜೀವಿ. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಸೂಜಿಯಂಥ ಅಂಗವೊಂದರಿಂದ ಕ್ಯಾಗ್-ಎ ಎಂಬ ತಮ್ಮ ಪ್ರೋಟೀನನ್ನು ಜಠರದ ಕೋಶದೊಳಕ್ಕೆ ಚುಚ್ಚುತ್ತವೆ. ನಮ್ಮದೇ ಕಿಣ್ವಗಳು ಗುರುತು ಸಿಗದೆ ಅದಕ್ಕೂ ಫಾಸ್ಫೇಟ್ ಅಂಟಿಸುತ್ತವೆ. ಕಳ್ಳಸಹಿ ಬಿದ್ದ ಆದೇಶದ ಹಾಗೆ ಅದು ಎಸ್‌ಎಚ್‌ಪಿ2 ಎಂಬ ನಮ್ಮ ಪ್ರೋಟೀನನ್ನು ಎಬ್ಬಿಸಿ, ಯಾರೂ ಹೇಳದ ಬೆಳವಣಿಗೆಯ ಸಂಕೇತವನ್ನು ಹರಿಯಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಈ ಬ್ಯಾಕ್ಟೀರಿಯಾವನ್ನು ಮನುಷ್ಯರಲ್ಲಿ ಖಚಿತವಾಗಿ ಕ್ಯಾನ್ಸರ್ ತರುವವುಗಳ ಪಟ್ಟಿಗೆ ಸೇರಿಸಿದೆ. ಸೋಂಕಿರುವ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ, ಹೆದರಬೇಕಾಗಿಲ್ಲ. ಆದರೆ ವರ್ಷಗಟ್ಟಲೆ ಹೊಟ್ಟೆಯುರಿಗೆ ಅಂಗಡಿಯಿಂದ ತಂದ ಮಾತ್ರೆ ನುಂಗುತ್ತ ಕೂರುವವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು, ಈ ಸೋಂಕನ್ನು ಹದಿನಾಲ್ಕು ದಿನಗಳ ಔಷಧದಿಂದ ಕಳೆಯಬಹುದು.

ಜಠರದ ರಿಪೋರ್ಟಿನಲ್ಲಿ ಹರ್-2 ಎಂದು ಇರುತ್ತದಲ್ಲ, ಅದು ಇಜಿಎಫ್‌ಆರ್‌ನ ಸಂಬಂಧಿ. ಗಡ್ಡೆಯ ತೆಳುವಾದ ಸೀಳಿಗೆ ಬಣ್ಣ ಹಾಕಿ ಕೋಶದ ಅಂಚು ಎಷ್ಟು ಕಂದಾಯಿತೆಂದು ನೋಡಿ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಎರಡು ಬಂದರೆ ಮೂರಕ್ಕೆ ಎರಡು ಅಂಕ ಎಂದು ಜನ ತಿಳಿಯುತ್ತಾರೆ. ಎರಡು ಎಂದರೆ ಇನ್ನೂ ನಿರ್ಧಾರವಾಗಿಲ್ಲ, ಫಿಶ್ ಎಂಬ ಮತ್ತೊಂದು ಪರೀಕ್ಷೆ ಆಗಬೇಕು ಎಂದರ್ಥ. ಹರ್-2 ಹೆಚ್ಚಿದ್ದವರಿಗೆ ಕೀಮೋ ಜೊತೆ ಹರ್-2 ಅನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಕೊಟ್ಟ 2010ರ ದೊಡ್ಡ ಅಧ್ಯಯನದಲ್ಲಿ ಸರಾಸರಿ ಬದುಕು 11.1 ತಿಂಗಳಿಂದ 13.8 ತಿಂಗಳಿಗೆ ಏರಿತು. ಈ ಸಂಖ್ಯೆಯನ್ನು ಮನೆಯವರಿಗೆ ಮೊದಲೇ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಆ ಮೂರು ತಿಂಗಳಿನ ಬೆಲೆ ಎಷ್ಟೆಂದು ತೀರ್ಮಾನಿಸಬೇಕಾದವರು ಅವರು.

ಅಡಿಕೆಯ ವಿಷಯ ಬಿಟ್ಟು ಇಲ್ಲಿ ಕ್ಯಾನ್ಸರ್ ಬಗ್ಗೆ ಬರೆಯುವುದು ಪ್ರಾಮಾಣಿಕತೆಯಾಗದು. ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಅನ್ನ ಅದು, ನನ್ನ ಅಕ್ಕನ ಮನೆಯದೂ. 2004ರಲ್ಲಿ ಪ್ರಕಟವಾದ ವರದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅದೇ ವಿಭಾಗ ಅಡಿಕೆಯನ್ನು ಹೊಗೆಸೊಪ್ಪು ಇಲ್ಲದಿದ್ದರೂ ಕ್ಯಾನ್ಸರ್‌ಕಾರಕ ಎಂದು ಹೇಳಿತು. ಜೀರ್ಣಾಂಗದ ಮೊದಲ ಬಾಗಿಲಾದ ಬಾಯಿಯಲ್ಲಿ ಆಗುವುದೇನೆಂದರೆ, ಜಗಿದ ಅಡಿಕೆಯ ರಸ ಟಿಜಿಎಫ್-ಬೀಟಾ ಎಂಬ ಸಂಕೇತವನ್ನು ಕೆರಳಿಸುತ್ತದೆ. ಗಾಯ ಮಾಯಲು ನಾರು ನೇಯುವಂತೆ ಹೇಳುವ ಸಂಕೇತ ಅದು. ನಾರು ನೇಯುವುದು ನಿಲ್ಲದೆ ಕೆನ್ನೆಯ ಒಳಮೈ ಬಿಗಿಯುತ್ತ ಹೋಗುತ್ತದೆ, ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯಲಾಗದವರನ್ನು ನಮ್ಮೂರ ದಂತವೈದ್ಯರು ನೋಡುತ್ತಲೇ ಇದ್ದಾರೆ. ಅವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ಅಡಿಕೆಯ ಮೇಲಿನ ಪುರಾವೆ ಇರುವುದು ಬಾಯಿ ಮತ್ತು ಅನ್ನನಾಳದ ಕ್ಯಾನ್ಸರ್‌ಗೆ. ಭಾವನ ದೊಡ್ಡಕರುಳಿನ ಗಡ್ಡೆಗೆ ಅವರ ತೋಟ ಕಾರಣವೆಂದು ಸಂಬಂಧಿಕರೊಬ್ಬರು ಆಡಿದ ಮಾತಿಗೆ ಆಧಾರವಿಲ್ಲ, ಅದನ್ನು ಅವರ ಮನಸ್ಸಿನಿಂದ ತೆಗೆದುಹಾಕಲು ನನಗೆ ಒಂದು ಸಂಜೆ ಹಿಡಿಯಿತು.

ಸಂಕೇತ ಪ್ರೋಟೀನನ್ನು ಅರಿತು ಗೆದ್ದ ಕಥೆಯೂ ಜೀರ್ಣಾಂಗದಲ್ಲೇ ಇದೆ. ಜಿಸ್ಟ್ ಎಂಬ ಅಪರೂಪದ ಗಡ್ಡೆ ಜಠರ ಅಥವಾ ಸಣ್ಣಕರುಳಿನ ಗೋಡೆಯಲ್ಲಿ ಬರುತ್ತದೆ, ಕೀಮೋಗೆ ಬಗ್ಗುವುದಿಲ್ಲ. ಅದರಲ್ಲಿ ಕಿಟ್ ಎಂಬ ಗ್ರಾಹಕ ತಾನಾಗಿಯೇ ಚಾಲೂ ಆಗಿರುತ್ತದೆಂದು 1998ರಲ್ಲಿ ಜಪಾನಿನ ಹಿರೋಟಾ ಮತ್ತು ಸಂಗಡಿಗರು ತೋರಿಸಿದರು. ರಕ್ತದ ಕ್ಯಾನ್ಸರ್‌ಗೆಂದು ತಯಾರಾಗುತ್ತಿದ್ದ ಇಮ್ಯಾಟಿನಿಬ್ ಮಾತ್ರೆ ಕಿಟ್ ಅನ್ನೂ ತಡೆಯುತ್ತಿತ್ತು. ಹರಡಿದ ಜಿಸ್ಟ್ ಇದ್ದವರು ಸರಾಸರಿ ಒಂದೂವರೆ ವರ್ಷವಷ್ಟೇ ಬದುಕುತ್ತಿದ್ದ ಕಾಲ ಹೋಗಿ ಸರಾಸರಿ ಐದು ವರ್ಷದ ಸುಮಾರಿಗೆ ಬಂತು. ನಮ್ಮ ದೇಶದಲ್ಲಿ ಈ ಮಾತ್ರೆ ಕೈಗೆಟುಕಿದ್ದು ವಿಜ್ಞಾನದಿಂದ ಮಾತ್ರವಲ್ಲ. 2013ರ ಸುಮಾರಿಗೆ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು, ಭಾರತದಲ್ಲಿ ತಯಾರಾದ ಅದೇ ಔಷಧಕ್ಕೆ ಹತ್ತು ಸಾವಿರದೊಳಗಿತ್ತು. ಹೊಸ ಪೇಟೆಂಟ್ ಬೇಕೆಂಬ ನೊವಾರ್ಟಿಸ್ ಕಂಪನಿಯ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದರಿಂದ ಆ ಅಗ್ಗದ ಮಾತ್ರೆ ಉಳಿಯಿತು.

ಇದರಿಂದ ನಾನು ಕಲಿತದ್ದನ್ನು ರಿಪೋರ್ಟು ಹಿಡಿದು ಕೂತವರಿಗೆ ಹೇಳುತ್ತೇನೆ. ದುಬಾರಿ ಔಷಧದ ಮಾತು ಬಂದಾಗ, ಇದು ಯಾವ ಪ್ರೋಟೀನಿನ ಮೇಲೆ ಕೆಲಸ ಮಾಡುತ್ತದೆ, ಆ ಪರೀಕ್ಷೆ ಆಗಿದೆಯೇ, ಫಲಿತಾಂಶ ಏನು ಎಂದು ಕೇಳಿ. ಕೇಳಿದರೆ ವೈದ್ಯರಿಗೆ ಅಗೌರವವಾಗುವುದಿಲ್ಲ, ಒಳ್ಳೆಯ ವೈದ್ಯರು ಅದನ್ನು ಮೆಚ್ಚುತ್ತಾರೆ. ಗಡ್ಡೆಯ ತುಣುಕನ್ನು ಮೇಣದಲ್ಲಿ ಕೂರಿಸಿದ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಬ್ಲಾಕ್ ಒಂದಿರುತ್ತದೆ. ಭಾವನ ಬ್ಲಾಕನ್ನು ಅವರ ತಮ್ಮ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗಿದ್ದ. ಪರೀಕ್ಷೆ ಮುಗಿದ ಮೇಲೆ ಅದನ್ನು ವಾಪಸು ಕೇಳಿ ಪಡೆಯಿರಿ, ಮುಂದೆ ಹೊಸ ಔಷಧ ಬಂದಾಗ ಹೊಸ ಪರೀಕ್ಷೆಗೆ ಅದೇ ಬೇಕಾಗುತ್ತದೆ.

ಭಾವನಿಗೆ ಈಗ ಕೀಮೋ ಜೊತೆ ಬೆವಸಿಜುಮ್ಯಾಬ್ ನಡೆಯುತ್ತಿದೆ. ಗಡ್ಡೆ ತನ್ನ ಕಡೆಗೆ ರಕ್ತನಾಳಗಳನ್ನು ಕರೆಸಿಕೊಳ್ಳಲು ಕಳುಹಿಸುವ ವಿಇಜಿಎಫ್ ಎಂಬ ಸಂಕೇತವನ್ನು ಅದು ಹಿಡಿದು ನಿಲ್ಲಿಸುತ್ತದೆ, ರಾಸ್ ಹೇಗಿದ್ದರೂ ಕೊಡಬಹುದು. ಮೂರನೆಯ ಸರದಿ ಮುಗಿದಿದೆ, ಬೆರಳ ತುದಿಗಳು ಜೋಮು ಹಿಡಿಯುತ್ತವೆ ಎನ್ನುತ್ತಾರೆ. ಸಾಲದ ಅರ್ಜಿಯನ್ನು ಅಕ್ಕ ಹಿಂದಕ್ಕೆ ತೆಗೆದುಕೊಂಡಳು. ರಿಪೋರ್ಟಿನ ಕೊನೆಯ ಸಾಲಿನಲ್ಲಿ ಡಿಎನ್‌ಎ ತಿದ್ದುವ ಪ್ರೋಟೀನುಗಳು ಸರಿಯಾಗಿವೆ ಎಂದಿದೆ. ಹಾಗಾಗಿ ಲಿಂಚ್ ಎಂಬ ವಂಶಪಾರಂಪರ್ಯದ ರೋಗದ ಸಾಧ್ಯತೆ ಬಹಳ ಕಡಿಮೆ. ಆದರೂ ಒಡಹುಟ್ಟಿದವರಿಗೆ ಬಂದಿದೆ ಎಂದರೆ ನಲವತ್ತು ದಾಟಿದವರು ಕರುಳನ್ನು ತೋರಿಸಿಕೊಳ್ಳಬೇಕು. ಬ್ಲಾಕ್ ಹೊತ್ತು ಹೋಗಿದ್ದ ತಮ್ಮನಿಗೆ 47 ವರ್ಷ. ಮೊನ್ನೆ ಫೋನ್ ಮಾಡಿ, ಕರುಳು ತೊಳೆಯುವ ಪುಡಿಯನ್ನು ರಾತ್ರಿ ಎಷ್ಟು ಗಂಟೆಗೆ ಕುಡಿಯಲು ಶುರುಮಾಡಬೇಕೆಂದು ಕೇಳಿದ. ಸೋಮವಾರ ಬೆಳಿಗ್ಗೆ ಅವನ ಕೊಲೊನೋಸ್ಕೋಪಿ.